ಹಗ್ಗ ಹೊಸೆದವರ ಪ್ರಾರ್ಥನೆ

ಕುಳ್ಳ ಯೋಹಾನನ ಗೂಡಿನ ಬಾಗಿಲಿಗೆ ಒಂಟೆಯವನು ಬಂದು ನಿಂತಿದ್ದ. ಯೋಹಾನ ಖರ್ಜೂರದ ಗರಿಯಲ್ಲಿ ಹೆಣೆದಿಟ್ಟ ಸರಕನ್ನು ಒಂಟೆಯ ಮೇಲೆ ಹೇರಿಕೊಂಡು ಹೋಗಬೇಕಿತ್ತು. ತರುತ್ತೇನೆಂದು ಒಳಗೆ ಹೋದ ಯೋಹಾನ ಬಂದದ್ದೇಕೆಂಬುದನ್ನೇ ಮರೆತು ಕುಳಿತ. ಮನಸ್ಸು ದೇವರ ಕಡೆ ಹೊರಟುಹೋಗಿತ್ತು. ಒಂಟೆಯವನು ಮತ್ತೆ ಬಾಗಿಲು ತಟ್ಟಿದ, ಯೋಹಾನ ಮತ್ತೆ ಒಳಗೆ ಹೋದ, ಮತ್ತೆ ಮರೆತ. ಮೂರನೆಯ ಸಲ ಹೆಣಿಗೆ, ಒಂಟೆ ಎಂಬ ಎರಡೇ ಪದಗಳನ್ನು ಜಪದಂತೆ ಬಾಯಲ್ಲಿ ಉರುಳಿಸುತ್ತ ಹೋಗಿ, ಅಂತೂ ಸರಕನ್ನು ಹೊರಗೆ ತಂದ. ಇದೇ ಯೋಹಾನ ಇನ್ನೊಮ್ಮೆ ಎರಡು ಬುಟ್ಟಿಗಾಗುವಷ್ಟು ಹುರಿಯನ್ನು ಒಂದೇ ಬುಟ್ಟಿಗೆ ಹೊಲಿದಿದ್ದ. ಬುಟ್ಟಿ ಹೋಗಿ ಗೋಡೆಗೆ ತಾಗುವವರೆಗೂ ಅವನಿಗೆ ಅದರ ಅರಿವೇ ಇರಲಿಲ್ಲ.

ಇದು ನಡೆದದ್ದು ಈಜಿಪ್ಟಿನ ಸ್ಕೀಟಿಸ್‌ನಲ್ಲಿ, ಅಂದರೆ ನೈಲ್ ನದಿಯ ಮುಖಜ ಭೂಮಿಗೆ ಪಶ್ಚಿಮದಲ್ಲಿರುವ ಇಂದಿನ ವಾದಿ ನತ್ರೂನ್‌ನಲ್ಲಿ. ಕಾಲ 4ನೇ ಶತಮಾನದ ಕೊನೆ, 5ನೆಯದರ ಆರಂಭ. ಆ ಮರುಭೂಮಿಯ ಹಿರಿಯ ಸನ್ಯಾಸಿಗಳ ಮಾತುಕತೆಗಳನ್ನು ಮುಂದಿನ ತಲೆಮಾರಿನವರು ಸಂಗ್ರಹಿಸಿದರು. ಸಂಗ್ರಹದ ಯಾವ ಪುಟ ತೆರೆದರೂ ಹಗ್ಗ, ಚಾಪೆ, ಬುಟ್ಟಿ, ನೀರಲ್ಲಿ ನೆನೆದ ಗರಿ ಕಣ್ಣಿಗೆ ಬೀಳುತ್ತವೆ. ಪ್ರಾರ್ಥನೆ ಎಣಿಸುವ ಗಂಟಿನ ಹಗ್ಗ ಮಾತ್ರ ಎಲ್ಲೂ ಕಾಣುವುದಿಲ್ಲ.

ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರ ಕೈಯಲ್ಲಿ ಇಂದು ಕಾಣುವ ಕಪ್ಪು ಉಣ್ಣೆಯ ಗಂಟುಸರಕ್ಕೆ ಗ್ರೀಕರು ಕೊಂಬೊಸ್ಕೀನಿ ಎನ್ನುತ್ತಾರೆ, ರಷ್ಯನ್ನರು ಚೋಟ್ಕಿ, ಸರ್ಬಿಯಾದವರು ಬ್ರೋಯಾನಿತ್ಸ. 33, 50, 100 ಅಥವಾ 300 ಗಂಟುಗಳು, ಕೊನೆಗೊಂದು ಶಿಲುಬೆ, ಅದರಡಿ ಕುಚ್ಚು. ಕುಚ್ಚು ಕಣ್ಣೀರು ಒರೆಸುವುದಕ್ಕೆ, ಕಪ್ಪು ಬಣ್ಣ ಪಾಪದ ಶೋಕಕ್ಕೆ, ಉಣ್ಣೆಯಾದರೋ ಕ್ರಿಸ್ತನ ಮಂದೆಯ ಗುರುತಿಗೆ ಎಂದು ವಿವರಿಸುವುದು ವಾಡಿಕೆ. ಇದರ ಹುಟ್ಟಿಗೂ ಒಂದು ಕಥೆಯುಂಟು. ಸನ್ಯಾಸಿಗಳ ಪಿತಾಮಹ ಅಂತೋನಿ (ಕೆಲವರ ಪ್ರಕಾರ ಪಖೋಮಿಯಸ್) ಪ್ರಾರ್ಥನೆಗೊಂದರಂತೆ ಹುರಿಗೆ ಗಂಟು ಹಾಕುತ್ತ ಎಣಿಸುತ್ತಿದ್ದನಂತೆ. ಸೈತಾನ ಹಿಂದಿನಿಂದ ಬಂದು ಬಿಚ್ಚಿಬಿಡುತ್ತಿದ್ದನಂತೆ. ಆಗ ದೇವದೂತನೊಬ್ಬ ಕಾಣಿಸಿಕೊಂಡು, ಶಿಲುಬೆಯ ಮೇಲೆ ಶಿಲುಬೆ ಹಾಯುವ, ಬಿಚ್ಚಲು ಬಾರದ ಗಂಟನ್ನು ಕಲಿಸಿದನಂತೆ. ಕಥೆ ಸೊಗಸಾಗಿದೆ, ಆದರೆ ಅಂತೋನಿಯ ಕಾಲಕ್ಕೆ ಹತ್ತಿರದ ಬರಹಗಳಲ್ಲಿ ಬರುವುದು ಬೇರೆಯೇ ದೇವದೂತ.

ಆ ದೇವದೂತ ಗಂಟು ಕಲಿಸಲಿಲ್ಲ, ಹಗ್ಗ ಹೊಸೆಯುತ್ತ ಕುಳಿತಿದ್ದ. ಏಕಾಂತದಲ್ಲಿದ್ದ ಅಂತೋನಿಗೆ ಒಂದು ದಿನ ಮಂಕು ಕವಿಯಿತು. ಮನಸ್ಸು ಪ್ರಾರ್ಥನೆಗೆ ಒಗ್ಗದೆ, ಉದ್ಧಾರವಾಗುವ ದಾರಿ ಯಾವುದೆಂದು ದೇವರನ್ನು ಕೇಳಿದ. ಎದ್ದು ಹೊರಗೆ ಬಂದರೆ ತನ್ನಂತೆಯೇ ಇರುವ ಒಬ್ಬಾತ ಕುಳಿತು ಗರಿಯ ಹುರಿ ಹೆಣೆಯುತ್ತಿದ್ದಾನೆ. ತುಸು ಹೊತ್ತಿಗೆ ಎದ್ದು ಪ್ರಾರ್ಥಿಸುತ್ತಾನೆ, ಮತ್ತೆ ಕುಳಿತು ಹೆಣೆಯುತ್ತಾನೆ, ಮತ್ತೆ ಏಳುತ್ತಾನೆ. ಹೀಗೆ ಮಾಡು, ಉದ್ಧಾರವಾಗುತ್ತೀಯೆ ಎಂದಷ್ಟೇ ಅವನು ಹೇಳಿದ್ದು. 356ರಲ್ಲಿ ತೀರಿಕೊಂಡ ಅಂತೋನಿಯ ಹೆಸರಿನಲ್ಲಿರುವ ಮಾತುಗಳ ಸಂಗ್ರಹದಲ್ಲಿ ಮೊಟ್ಟಮೊದಲು ಬರುವುದೇ ಈ ಪ್ರಸಂಗ. ಎಣಿಕೆಯ ಸಾಧನವಾಗಿ ಗಂಟುಹಗ್ಗ ಬಳಕೆಗೆ ಬರುವ ಮೊದಲೇ ಹಗ್ಗದ ಕೆಲಸ ಪ್ರಾರ್ಥನೆಗೆ ಜೊತೆಯಾಗಿತ್ತು. ಈ ಪರಂಪರೆಯಲ್ಲಿ ಕೈ ಮೊದಲು ಬಂತು, ಲೆಕ್ಕ ಆಮೇಲೆ.

ಹಗ್ಗವೇ ಏಕೆ ಎಂಬುದಕ್ಕೆ ಉತ್ತರ ಸರಳ. ಜೌಗಿನಂಚಿನಲ್ಲಿ ಜೊಂಡು, ಓಯಸಿಸ್‌ಗಳಲ್ಲಿ ಖರ್ಜೂರದ ಗರಿ ಪುಕ್ಕಟೆ ಸಿಗುತ್ತಿದ್ದವು. ಗರಿಯನ್ನು ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಸೀಳಿ ಹೆಣೆದರೆ ಆಯಿತು. ಮಗ್ಗ ಬೇಡ, ಕುಲುಮೆ ಬೇಡ, ಕಣ್ಣೂ ಅಷ್ಟಾಗಿ ಬೇಡ. ಒಮ್ಮೆ ಬೆರಳಿಗೆ ರೂಢಿಯಾದರೆ ಕತ್ತಲಲ್ಲೂ ಸಾಗುವ ಕೆಲಸ, ಬಾಯಿಗೂ ಮನಸ್ಸಿಗೂ ಪೂರ್ತಿ ಬಿಡುವು. ಆರ್ಸೇನಿಯಸ್ ಎಂಬಾತ ರೋಮ್ ಸಾಮ್ರಾಜ್ಯದ ಅರಮನೆಯಲ್ಲಿ ಚಕ್ರವರ್ತಿ ಥಿಯೊಡೋಸಿಯಸ್‌ನ ಮಕ್ಕಳಿಗೆ ಪಾಠ ಹೇಳಿದವನು; ಸ್ಕೀಟಿಸ್‌ಗೆ ಬಂದ ಮೇಲೆ ಅವನೂ ಗರಿ ಹೆಣೆದ. ಗರಿ ನೆನೆಸುವ ನೀರನ್ನು ಅವನು ಬದಲಿಸುತ್ತಿದ್ದದ್ದು ವರ್ಷಕ್ಕೊಂದೇ ಸಲ. ಗಬ್ಬುನಾತಕ್ಕೆ ಬೇಸತ್ತವರು ಕಾರಣ ಕೇಳಿದರೆ, ಅರಮನೆಯಲ್ಲಿ ಮೂಸಿದ ಅತ್ತರಿಗೆ ಇದು ಪ್ರತಿಯಾಗಿ ಎನ್ನುತ್ತಿದ್ದ. ಅಕ್ಕಪಕ್ಕದ ಗೂಡಿನವರು ಯಾವ ಅರಮನೆಯ ಅತ್ತರನ್ನೂ ಮೂಸಿರಲಿಲ್ಲವಲ್ಲ, ಅವರ ಪಾಡೇನು ಎಂಬುದು ದಾಖಲಾಗಿಲ್ಲ.

ಮೇಲಿನ ಈಜಿಪ್ಟಿನ ತಬೆನ್ನೇಸಿಯಲ್ಲಿ ಸುಮಾರು 320ರ ಹೊತ್ತಿಗೆ ಮೊದಲ ಸಾಮೂಹಿಕ ಮಠ ಕಟ್ಟಿದ ಪಖೋಮಿಯಸ್ ಕೈಕೆಲಸ ಮತ್ತು ಪ್ರಾರ್ಥನೆಯ ಈ ಜೋಡಿಯನ್ನು ಕಟ್ಟಳೆಗೇ ಸೇರಿಸಿದ. ಜೆರೋಮ್ 404ರಲ್ಲಿ ಲ್ಯಾಟಿನ್‌ಗೆ ತಂದ ಆ ಮಠದ ನಿಯಮಗಳ ಪ್ರಕಾರ, ಸಭೆಯ ಪ್ರಾರ್ಥನೆಗೆ ಸೇರಿದಾಗಲೂ ಸನ್ಯಾಸಿಗಳ ಕೈಯಲ್ಲಿ ಚಾಪೆಯ ಹುರಿ ಇರಬೇಕು. ಒಬ್ಬ ನಿಂತು ಧರ್ಮಗ್ರಂಥವನ್ನು ಬಾಯಿಪಾಠ ಒಪ್ಪಿಸುತ್ತಾನೆ, ಉಳಿದವರು ಹೆಣೆಯುತ್ತ ಕೇಳುತ್ತಾರೆ. ಕೆಲಸಕ್ಕೆ ಹೋಗುವಾಗ, ಬರುವಾಗ, ಮಾಡುವಾಗ ಎಲ್ಲ ಹೊತ್ತೂ ಬಾಯಲ್ಲಿ ಕೀರ್ತನೆಯ ಸಾಲುಗಳು ಆಡುತ್ತಿರಬೇಕು. ಓದು ಬಾರದೆ ಮಠ ಸೇರಿದವನಿಗೂ ಅಕ್ಷರ ಕಲಿಸಿ ಈ ಬಾಯಿಪಾಠಕ್ಕೆ ಹಚ್ಚುತ್ತಿದ್ದರು.

ಕೆಲಸವನ್ನೂ ಪ್ರಾರ್ಥನೆಯನ್ನೂ ಹೀಗೆ ಬೆಸೆಯುವುದರ ಹಿಂದೊಂದು ಜಗಳವೂ ಇತ್ತು. ಪ್ರೇಷಿತ ಪೌಲ ಥೆಸ್ಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿ ಎಡೆಬಿಡದೆ ಪ್ರಾರ್ಥಿಸಬೇಕೆಂಬ ಮಾತಿದೆ. ಅವನದೇ ಹೆಸರಿನ ಎರಡನೆಯ ಪತ್ರದಲ್ಲಿ ದುಡಿಯಲೊಲ್ಲದವನಿಗೆ ಊಟವೂ ಬೇಡ ಎಂದಿದೆ. ಸ್ವತಃ ಪೌಲ ಗುಡಾರ ಹೊಲಿದು ಬದುಕಿದವನು. ಎರಡೂ ಮಾತನ್ನು ಒಟ್ಟಿಗೆ ನಡೆಸುವುದು ಹೇಗೆ? ಸಿರಿಯಾ ಮತ್ತು ಏಷ್ಯಾ ಮೈನರ್ ಕಡೆ ಹುಟ್ಟಿದ ಯೂಖೈಟರು, ಅಂದರೆ ಪ್ರಾರ್ಥಿಸುವವರು, ಮೊದಲ ಮಾತನ್ನು ಹಿಡಿದು ಎರಡನೆಯದನ್ನು ಕೈಬಿಟ್ಟರು. ಕೈಕೆಲಸ ಮುಟ್ಟುವುದಿಲ್ಲ, ಪ್ರಾರ್ಥನೆಯೊಂದೇ ತಮ್ಮ ಕೆಲಸ ಎಂಬುದು ಅವರ ವಾದ. 431ರ ಎಫೆಸಸ್ ಮಹಾಸಭೆ ಅವರನ್ನು ಖಂಡಿಸಿತು. ಉತ್ತರ ಆಫ್ರಿಕಾದಲ್ಲೂ ಇಂಥವರು ತಲೆಯೆತ್ತಿದಾಗ ಅಗಸ್ಟೀನ್ ಸನ್ಯಾಸಿಗಳ ದುಡಿಮೆಯ ಬಗ್ಗೆಯೇ ಒಂದು ಪುಸ್ತಕ ಬರೆದ.

ಮಹಾಸಭೆಯ ತೀರ್ಪಿಗಿಂತ ಅಬ್ಬಾ (ಅಂದರೆ ತಂದೆ) ಲೂಸಿಯಸ್‌ನ ಉತ್ತರ ಹರಿತವಾಗಿತ್ತು. ಅವನಿದ್ದದ್ದು ಅಲೆಕ್ಸಾಂಡ್ರಿಯದಿಂದ ಒಂಬತ್ತನೆಯ ಮೈಲಿಗಲ್ಲಿನಲ್ಲಿದ್ದ ಎನಟನ್ ಮಠದಲ್ಲಿ. ಅಲ್ಲಿಗೆ ಬಂದ ಯೂಖೈಟರನ್ನು ಅವನು ಒಂದೊಂದಾಗಿ ಕೇಳಿದ. ಊಟ ಮಾಡುತ್ತೀರಾ? ಹೌದು. ನಿದ್ದೆ? ಅದೂ ಉಂಟು. ಹಾಗಾದರೆ ನೀವು ಉಣ್ಣುವಾಗ, ಮಲಗಿದಾಗ ನಿಮ್ಮ ಬದಲು ಪ್ರಾರ್ಥಿಸುವವರು ಯಾರು? ಅವರ ಬಳಿ ಉತ್ತರವಿರಲಿಲ್ಲ. ಲೂಸಿಯಸ್ ತನ್ನ ದಿನಚರಿ ವಿವರಿಸಿದ. ಬೆಳಗ್ಗೆ ಒಂದಷ್ಟು ಗರಿ ನೆನೆಹಾಕಿ ಕೂರುತ್ತೇನೆ, ದೇವರ ಕರುಣೆ ಬೇಡುವ ಕೀರ್ತನೆ ಹೇಳಿಕೊಳ್ಳುತ್ತ ಹುರಿ ಹೆಣೆಯುತ್ತೇನೆ. ದಿನದ ಕೊನೆಗೆ ಹೆಚ್ಚುಕಡಿಮೆ 16 ಕಾಸು ಹುಟ್ಟುತ್ತದೆ. ಎರಡನ್ನು ಬಾಗಿಲ ಬಳಿ ಇಡುತ್ತೇನೆ, ಉಳಿದದ್ದು ಊಟಕ್ಕೆ. ಆ ಎರಡು ಕಾಸು ತೆಗೆದುಕೊಂಡ ಬಡವ ನಾನು ಉಣ್ಣುವಾಗಲೂ ಮಲಗಿದಾಗಲೂ ನನಗಾಗಿ ಪ್ರಾರ್ಥಿಸುತ್ತಾನೆ. ಎಡೆಬಿಡದ ಪ್ರಾರ್ಥನೆ ಆದದ್ದು ಹೀಗೆ.

ಕನ್ನಡ ಓದುಗರಿಗೆ ಇಲ್ಲಿ ನುಲಿಯ ಚಂದಯ್ಯ ನೆನಪಾಗದೆ ಇರುವುದಿಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಹುಲ್ಲು ಕೊಯ್ದು ತಂದು, ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ದಾಸೋಹ ನಡೆಸಿದ ಶರಣ ಅವನು. ಹುಲ್ಲು ಕೊಯ್ಯುವಾಗ ಕಳಚಿಬಿದ್ದ ಇಷ್ಟಲಿಂಗವನ್ನು ಎತ್ತಿಕೊಳ್ಳದೆ ಕಾಯಕಕ್ಕೇ ನಡೆದನೆಂದೂ, ಲಿಂಗವೇ ಬೆನ್ನುಹತ್ತಿ ಬಂತೆಂದೂ, ಅದಕ್ಕೂ ಹಗ್ಗ ಮಾರುವ ಕೆಲಸ ಹಚ್ಚಿದನೆಂದೂ ಕಥೆಯಿದೆ. ನೈಲ್ ತೀರಕ್ಕೂ ಕಲ್ಯಾಣಕ್ಕೂ ಕೊಡುಕೊಳ್ಳುವಿಕೆ ಇತ್ತೆಂದು ಹೇಳುವಂತಿಲ್ಲ, ಹೇಳಬೇಕಾಗಿಯೂ ಇಲ್ಲ. ವ್ಯತ್ಯಾಸವೂ ದೊಡ್ಡದೇ. ಚಂದಯ್ಯನಿಗೆ ಕಾಯಕವೇ ದೊಡ್ಡದು, ದೇವರೂ ಅದಕ್ಕೆ ಬಾಗಬೇಕು. ಲೂಸಿಯಸ್‌ಗೆ ಹಗ್ಗ ಪ್ರಾರ್ಥನೆಯ ಆಳು. ಆದರೂ ಇಬ್ಬರನ್ನೂ ಒಂದೇ ಜಗಲಿಯ ಮೇಲೆ ಕೂರಿಸಿದ್ದರೆ ಕೆಲಸದ ವಿಷಯದಲ್ಲಿ ಮಾತಿಗೆ ಬರವಿರುತ್ತಿರಲಿಲ್ಲ.

ಹಾಗಿದ್ದರೆ ಪ್ರಾರ್ಥನೆಯನ್ನು ಎಣಿಸಿದವರು ಯಾರು? ಮರುಭೂಮಿಯ ಸನ್ಯಾಸಿಗಳನ್ನು ಕಣ್ಣಾರೆ ಕಂಡ ಪಲ್ಲಾಡಿಯಸ್ 420ರ ಆಸುಪಾಸಿನಲ್ಲಿ ಬರೆದ ಪುಸ್ತಕದಲ್ಲಿ ಫೆರ್ಮೆಯ ಪೌಲ ಎಂಬೊಬ್ಬ ಬರುತ್ತಾನೆ. ದಿನಕ್ಕೆ 300 ಪ್ರಾರ್ಥನೆ ಇವನ ನೇಮ. ಲೆಕ್ಕ ತಪ್ಪದಿರಲೆಂದು ಮಡಿಲಲ್ಲಿ 300 ಹರಳು ಇಟ್ಟುಕೊಂಡು ಪ್ರಾರ್ಥನೆಗೊಂದರಂತೆ ಎಸೆಯುತ್ತಿದ್ದ. ಗಮನಿಸಬೇಕಾದ ಸಂಗತಿಯೆಂದರೆ, ಪಲ್ಲಾಡಿಯಸ್ ಹೇಳುವಂತೆ ಈ ಪೌಲ ಯಾವ ಕೈಕೆಲಸವನ್ನೂ ಮಾಡುತ್ತಿರಲಿಲ್ಲ. ಒಂದೂರಿನ ಕನ್ಯಾಸನ್ಯಾಸಿನಿಯೊಬ್ಬಳು ದಿನಕ್ಕೆ 700 ಹೇಳುತ್ತಾಳೆಂದು ಕೇಳಿ ಅವನು ಕಂಗಾಲಾದ, ಅಲೆಕ್ಸಾಂಡ್ರಿಯದ ಮಕಾರಿಯಸ್‌ನ ಬಳಿಗೆ ಓಡಿದ. ಮಕಾರಿಯಸ್ ಕೊಟ್ಟ ಉತ್ತರದಲ್ಲಿ ಕೊಂಚ ಕುಟುಕೂ ಇದೆ: ತಾನು ಹೇಳುವುದು ಗೊತ್ತುಮಾಡಿದ 100 ಪ್ರಾರ್ಥನೆ ಮಾತ್ರ, ಜೊತೆಗೆ ಕೈಯಾರೆ ದುಡಿದು ಉಣ್ಣುತ್ತೇನೆ, ಬಂದ ಸೋದರರೊಡನೆ ಮಾತಾಡುತ್ತೇನೆ, ಮನಸ್ಸೇನೂ ಚುಚ್ಚುವುದಿಲ್ಲ, 300 ಹೇಳಿಯೂ ನಿನಗೆ ಚುಚ್ಚುತ್ತಿದ್ದರೆ ದೋಷ ಬೇರೆಲ್ಲೋ ಇದೆ.

ಹರಳು ಹುರಿಯಾದದ್ದು ಯಾವ ವರ್ಷ, ಯಾರ ಕೈಯಲ್ಲಿ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಅದಕ್ಕೆ ಬೇಕಾದ ಪ್ರಾರ್ಥನೆ ರೂಪುಗೊಂಡದ್ದನ್ನು ಮಾತ್ರ ಹಿಂಬಾಲಿಸಬಹುದು. ಉದ್ದದ ಕೀರ್ತನೆಗಳಿಗೆ ಎಣಿಕೆ ಬೇಕಿಲ್ಲ. ಒಂದೇ ಸಾಲನ್ನು ನೂರಾರು ಸಲ ಹೇಳುವವನಿಗೆ ಬೇಕು. ದೇವಕುಮಾರನಾದ ಪ್ರಭು ಯೇಸು ಕ್ರಿಸ್ತನನ್ನು ಕರೆದು, ಪಾಪಿಯಾದ ತನ್ನನ್ನು ಕರುಣಿಸೆಂದು ಬೇಡುವ ಆ ಸಾಲಿಗೆ ಯೇಸು ಪ್ರಾರ್ಥನೆ ಎಂದು ಹೆಸರು. 5ನೇ ಶತಮಾನದಲ್ಲಿ ಫೋಟಿಕೆಯ ಡಯಾಡೋಕಸ್ ಯೇಸುವಿನ ಹೆಸರನ್ನು ಸದಾ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಬಗ್ಗೆ ಬರೆದ. 1965ರಲ್ಲಿ ಫ್ರೆಂಚ್ ಪುರಾತತ್ವಜ್ಞರು ಕೆಲ್ಲಿಯಾ ಎಂಬ ಈಜಿಪ್ಟಿನ ಹಳೆಯ ಸನ್ಯಾಸಿ ನೆಲೆಯನ್ನು ಅಗೆದಾಗ, ಗೂಡೊಂದರ ಗೋಡೆಯ ಮೇಲೆ ಕಾಪ್ಟಿಕ್ ಬರಹ ಸಿಕ್ಕಿತು. ಕಾಲ 7 ಅಥವಾ 8ನೇ ಶತಮಾನ. ಯೇಸುವನ್ನೇ ಕೂಗುತ್ತಿದ್ದರೆ ತಂದೆಯನ್ನೂ ಪವಿತ್ರಾತ್ಮನನ್ನೂ ಬಿಟ್ಟಂತಾಗಲಿಲ್ಲವೇ ಎಂದು ದೆವ್ವಗಳು ತಲೆ ಕೆಡಿಸಿದರೆ ಏನು ಉತ್ತರ ಕೊಡಬೇಕೆಂಬ ಸೂಚನೆ ಅದರಲ್ಲಿದೆ. ಗರಿ ಹೆಣೆಯುತ್ತಿದ್ದವರ ಗೋಡೆಗೇ ಈ ಪ್ರಾರ್ಥನೆ ಬಂದು ಕೂತಿತ್ತು.

14ನೇ ಶತಮಾನದ ಹೊತ್ತಿಗೆ ಇದರ ಕೇಂದ್ರ ಗ್ರೀಸಿನ ಅಥೋಸ್ ಬೆಟ್ಟಕ್ಕೆ ಸರಿದಿತ್ತು. ಸಿನಾಯ್‌ನ ಗ್ರೆಗರಿ ಅಲ್ಲಿ ಯೇಸು ಪ್ರಾರ್ಥನೆಯನ್ನು ಕಲಿಸಿದ, ಗ್ರೆಗರಿ ಪಲಮಾಸ್ ಅದನ್ನು ತರ್ಕದಿಂದ ಸಮರ್ಥಿಸಿಕೊಂಡ. ತಲೆಬಾಗಿಸಿ ಕುಳಿತು ಉಸಿರಿನೊಡನೆ ಜಪಿಸುವವರನ್ನು ಕಲಬ್ರಿಯದ ಬರ್ಲಾಮ್ ಹೊಕ್ಕುಳಲ್ಲಿ ಆತ್ಮ ಇಟ್ಟುಕೊಂಡವರು ಎಂದು ಗೇಲಿ ಮಾಡಿದ್ದ. ಕಾನ್‌ಸ್ಟಾಂಟಿನೋಪಲ್‌ನ 1341ರ ಸಭೆ ಪಲಮಾಸ್‌ನ ಪರ ನಿಂತಿತು, ಮುಂದೆ ಅವನು ಥೆಸ್ಸಲೊನೀಕದ ಆರ್ಚ್‌ಬಿಷಪ್ ಆದ. ಎಡೆಬಿಡದೆ ಪ್ರಾರ್ಥಿಸಿ ಎಂಬ ಪತ್ರ ಬಂದದ್ದು ಅದೇ ಊರಿಗೆ.

ಇನ್ನು ಗಂಟಿನ ಮಾತು. ಎಡಗೈಯ ಬೆರಳುಗಳ ಮೇಲೆ ಹುರಿಯನ್ನು ಅಡ್ಡಡ್ಡ ಹಾಯಿಸಿ, ಕುಣಿಕೆಯೊಳಗೆ ಕುಣಿಕೆ ತೂರಿಸಿ, ಕೊನೆಗೆ ಒಂದೊಂದೇ ಎಳೆಯನ್ನು ಸರದಿಯಲ್ಲಿ ಬಿಗಿಯುತ್ತ ಬಂದರೆ ಉಂಡೆಯಂಥ ಪುಟ್ಟ ಗಂಟು ಕೂಡುತ್ತದೆ. ಒಳಗೆ ಏಳು ಶಿಲುಬೆ ಅಡಗಿದೆ ಎನ್ನುವವರುಂಟು, ಒಂಬತ್ತು ಎನ್ನುವವರೂ ಉಂಟು. ಒಂದು ಸುತ್ತು ಹಿಂದುಮುಂದಾದರೂ ಉಂಡೆ ಕೂಡದು, ಸಿಕ್ಕು ಉಳಿಯುತ್ತದೆ. ಸರಿಯಾಗಿ ಬಿಗಿದದ್ದನ್ನು ಬಿಚ್ಚುವುದಂತೂ ದೇವದೂತನ ಕಥೆ ಹೇಳುವಷ್ಟೇ ಕಷ್ಟ. ಹೊಸದು ಹಿಂದಿನ ಗಂಟಿಗೆ ಒತ್ತಿಕೊಂಡೇ ಕೂರಬೇಕು. ಬಿಗಿಯುವಾಗ ತುಸು ಜಾರಿದರೆ ನಡುವೆ ಹುರಿ ಬೋಳಾಗಿ ಕಾಣುತ್ತದೆ. ಕಟ್ಟುವ ಸನ್ಯಾಸಿ ಅಥವಾ ಸನ್ಯಾಸಿನಿ ಗಂಟು ಬಿಗಿಯುತ್ತ ಯೇಸು ಪ್ರಾರ್ಥನೆ ಹೇಳುತ್ತಾರೆ. ಹೀಗೆ ಕಟ್ಟಿದ 100 ಗಂಟಿನ ಹಗ್ಗ ಇನ್ನೊಬ್ಬರ ಕೈ ಸೇರುವ ಮೊದಲೇ ನೂರಕ್ಕೂ ಹೆಚ್ಚು ಪ್ರಾರ್ಥನೆ ಕಂಡಿರುತ್ತದೆ.

ಕರ್ನಾಟಕದ ಕರಾವಳಿಯ ಕಥೋಲಿಕ ಮನೆಗಳಲ್ಲಿ ಕಾಣುವ ಜಪಸರಕ್ಕೆ ಮಣಿಗಳಿವೆ, ಬೆರಳಾಡಿದರೆ ಸದ್ದು. ಉಣ್ಣೆಯ ಗಂಟಿಗೆ ಸದ್ದಿಲ್ಲ; ಜೇಬಿನೊಳಗೆ, ತೋಳಿನ ಮರೆಯಲ್ಲಿ, ರಾತ್ರಿಯ ಕತ್ತಲಲ್ಲಿ ಯಾರಿಗೂ ಗೊತ್ತಾಗದಂತೆ ಎಣಿಸಬಹುದು. ತಯಾರಿಯ ಚರಿತ್ರೆಯಲ್ಲೂ ಎರಡರ ದಾರಿ ಬೇರೆ. ಪಶ್ಚಿಮ ಯುರೋಪಿನಲ್ಲಿ ಜಪಮಣಿ ಬೇಗನೆ ಪೇಟೆಯ ಕಸುಬಾಯಿತು. ಸುಮಾರು 1268ರಲ್ಲಿ ಎಟಿಯೆನ್ ಬೊಯ್ಲೊ ಪ್ಯಾರಿಸ್ಸಿನ ಕಸುಬುಗಳ ಕಟ್ಟಳೆಗಳನ್ನು ದಾಖಲಿಸಿದಾಗ ಎಲುಬು-ಕೊಂಬಿನ ಮಣಿ ಮಾಡುವವರಿಗೊಂದು ಸಂಘ, ಹವಳ-ಚಿಪ್ಪಿನವರಿಗೆ ಇನ್ನೊಂದು, ಅಂಬರ್ ಕಡೆಯುವವರಿಗೆ ಮತ್ತೊಂದು ಇದ್ದವು. ಲಂಡನ್ನಿನ ಪ್ಯಾಟರ್‌ನಾಸ್ಟರ್ ರೋ ಎಂಬ ಬೀದಿಯ ಹೆಸರನ್ನು ಈ ಮಣಿಗಾರರಿಗೇ ಜೋಡಿಸುವುದುಂಟು. ಅಂಬರ್ ದುಬಾರಿ, ಎಲುಬು ಅಗ್ಗ; ಜಪಸರ ನೋಡಿ ಮನೆತನ ಹೇಳಬಹುದಿತ್ತು. ಪೂರ್ವದ ಗಂಟುಹಗ್ಗಕ್ಕೆ ಆ ಅಂತಸ್ತು ಬರಲಿಲ್ಲ. ಉಣ್ಣೆಗೆಂಥ ಅಂತಸ್ತು! ಅದನ್ನು ಕಟ್ಟುವ ಕೆಲಸ ಬಹುಮಟ್ಟಿಗೆ ಮಠದೊಳಗೇ ಉಳಿಯಿತು. ದೀಕ್ಷೆಯ ಹೊತ್ತಿಗೆ ಹೊಸ ಸನ್ಯಾಸಿಯ ಕೈಗೆ ಹಗ್ಗ ಕೊಟ್ಟು, ಇದು ಆತ್ಮದ ಕತ್ತಿ ಎಂದು ಹೇಳುವ ಪದ್ಧತಿಯೂ ಬೆಳೆಯಿತು.

ರಷ್ಯಾದಲ್ಲಿ ಕಥೆ ಇನ್ನೊಂದು ತಿರುವು ಪಡೆಯಿತು. ಅಲ್ಲಿನ ಹಳೆಯ ಸಾಧನ ಲೆಸ್ತೋವ್ಕ, ತೊಗಲಿನಲ್ಲಿ ಹೊಲಿದ ಏಣಿಯಂಥ ಪಟ್ಟಿ. ಗಂಟಿನ ಬದಲು ಸಣ್ಣ ಸಣ್ಣ ಉಬ್ಬಿದ ಮೆಟ್ಟಿಲುಗಳು, ತುದಿಯಲ್ಲಿ ನಾಲ್ವರು ಸುವಾರ್ತಾಕಾರರ ಗುರುತಿಗೆ ನಾಲ್ಕು ತ್ರಿಕೋನಗಳು. ಮೆಟ್ಟಿಲುಗಳನ್ನು 12, 38, 33, 17 ಎಂದು ವಿಂಗಡಿಸಿರುತ್ತಾರೆ, ಕೂಡಿದರೆ ನೂರು. ಹನ್ನೆರಡು ಪ್ರೇಷಿತರಿಗೆ, ಮೂವತ್ತಮೂರು ಭೂಮಿಯ ಮೇಲೆ ಯೇಸು ಕಳೆದ ವರ್ಷಗಳಿಗೆ. ಕೆಲವರು ಯೇಸು ಪ್ರಾರ್ಥನೆ ಬರೆದ ಕಾಗದದ ಚೂರನ್ನು ಸುರುಳಿ ಸುತ್ತಿ ಮೆಟ್ಟಿಲಿನೊಳಗೆ ಇಟ್ಟು ಹೊಲಿಯುತ್ತಿದ್ದರು. 17ನೇ ಶತಮಾನದ ನಡುವೆ ಪೇಟ್ರಿಯಾರ್ಕ್ ನಿಕಾನ್ ಪೂಜಾವಿಧಿಗಳನ್ನು ಗ್ರೀಕ್ ಪದ್ಧತಿಗೆ ಹೊಂದಿಸಹೊರಟಾಗ ಚರ್ಚು ಒಡೆಯಿತು. ಬದಲಾವಣೆಯನ್ನು ಒಪ್ಪದ ಹಳೆಯ ನಂಬಿಕೆಯವರು ಎರಡು ಬೆರಳಿನ ಶಿಲುಬೆಯ ಗುರುತನ್ನು ಬಿಡಲಿಲ್ಲ, ಲೆಸ್ತೋವ್ಕವನ್ನೂ ಬಿಡಲಿಲ್ಲ. ಇಂದಿಗೂ ಅವರ ಹೆಂಗಸರು ಅದನ್ನು ಹೊಲಿಯುತ್ತಾರೆ. ಅಧಿಕೃತ ಚರ್ಚಿನಲ್ಲಿ ಚೋಟ್ಕಿಯೇ ನೆಲೆಯೂರಿತು.

ಚೋಟ್ಕಿಯನ್ನು ಮಠದ ಗೋಡೆಯಾಚೆ ಹೊತ್ತು ಹೋದದ್ದು ಪುಸ್ತಕಗಳು. ಯೇಸು ಪ್ರಾರ್ಥನೆಯ ಬರಹಗಳ ಮಹಾಸಂಕಲನ ಫಿಲೊಕಾಲಿಯ 1782ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಪೈಸಿಯಸ್ ವೆಲಿಚ್‌ಕೊವ್‌ಸ್ಕಿಯ ಸ್ಲಾವೋನಿಕ್ ಅನುವಾದ 1793ರಲ್ಲಿ ಮಾಸ್ಕೋದಲ್ಲಿ ಬಂತು. ಅದನ್ನು ಜೋಳಿಗೆಯಲ್ಲಿಟ್ಟುಕೊಂಡು ಅಲೆಯುವ ರೈತನೊಬ್ಬನ ಆತ್ಮಕಥನ 1880ರ ದಶಕದಲ್ಲಿ ಕಜಾನ್ ನಗರದಿಂದ ಹೊರಬಿತ್ತು. ಇಂಗ್ಲಿಷ್ ಬಲ್ಲವರಿಗೆ ಅದು ಯಾತ್ರಿಕನೊಬ್ಬನ ದಾರಿ ಎಂಬರ್ಥದ ಹೆಸರಿನಿಂದ ಪರಿಚಿತ. ಗುರು ಅವನಿಗೊಂದು ಚೋಟ್ಕಿ ಕೊಟ್ಟು ದಿನಕ್ಕೆ 3000 ಪ್ರಾರ್ಥನೆ ಹೇಳಿಸುತ್ತಾನೆ, ಆಮೇಲೆ 6000, ಆಮೇಲೆ 12,000. ನಾಲಿಗೆ ಮರಗಟ್ಟುತ್ತದೆ, ಹೆಬ್ಬೆರಳು ನೋಯುತ್ತದೆ. ಈ ಯಾತ್ರಿಕನ ತೋಳೊಂದು ಚಿಕ್ಕಂದಿನಲ್ಲೇ ಊನವಾಗಿ, ಹೊಲದ ದುಡಿಮೆಗೆ ಬಾರದವನಾಗಿದ್ದ ಎಂಬ ವಿವರವನ್ನು ಓದುಗರು ಸಾಮಾನ್ಯವಾಗಿ ದಾಟಿಬಿಡುತ್ತಾರೆ. ಲೋಕಕ್ಕೆ ಅತಿ ಹೆಚ್ಚು ಪರಿಚಯವಾದ ಚೋಟ್ಕಿ ಸಾಧಕ ಫೆರ್ಮೆಯ ಪೌಲನ ಸಾಲಿನವನು, ಲೂಸಿಯಸ್‌ನ ಸಾಲಿನವನಲ್ಲ. 1961ರಲ್ಲಿ, ಯಾತ್ರಿಕನ ಪುಸ್ತಕದ ಪ್ರಸ್ತಾಪವಿರುವ ಸ್ಯಾಲಿಂಜರ್‌ನ ಫ್ರಾನಿ ಅಂಡ್ ಜೂಯಿ ಪುಸ್ತಕವಾಗಿ ಬಂದ ಮೇಲೆ ಈ ಯಾತ್ರಿಕ ಅಮೆರಿಕದ ಕಾಲೇಜು ಹುಡುಗ ಹುಡುಗಿಯರಿಗೂ ಗೊತ್ತಾದ. ಅಲ್ಲಿಗೆ ತಲುಪಿದ್ದು ಎಣಿಕೆಯೇ ಹೊರತು ಕೈಕೆಲಸವಲ್ಲ.

ಅಥೋಸ್‌ನಲ್ಲಿ ಮಾತ್ರ ಎರಡೂ ಕೂಡಿಯೇ ಉಳಿದವು. ಅಲ್ಲಿ 20 ಮಹಾಮಠಗಳಿವೆ, ಅವುಗಳ ಅಂಚಿನಲ್ಲಿ ಒಬ್ಬಿಬ್ಬರು ಬಾಳುವ ಗುಡಿಸಲುಗಳು. ಪ್ರತಿ ಸನ್ಯಾಸಿಗೂ ಒಂದು ಎರ್ಗೋಖಿರೊ, ಅಂದರೆ ಕೈಗೆಲಸ, ಇರಬೇಕು: ಐಕಾನ್ ಬರೆಯುವುದು, ಧೂಪ ಅರೆಯುವುದು, ಮರದಲ್ಲಿ ಶಿಲುಬೆ ಕೆತ್ತುವುದು, ಹಗ್ಗಕ್ಕೆ ಗಂಟು ಹಾಕುವುದು. 20ನೇ ಶತಮಾನದಲ್ಲಿ ಅಲ್ಲಿ ಯೇಸು ಪ್ರಾರ್ಥನೆಯನ್ನು ಮತ್ತೆ ಚಿಗುರಿಸಿದ ಹೆಸಿಕ್ಯಾಸ್ಟ್ (ಅಂದರೆ ಮೌನಸಾಧಕ) ಜೋಸೆಫ್ (1897–1959) ಮತ್ತವನ ಶಿಷ್ಯರು ಸಣ್ಣ ಮರದ ಶಿಲುಬೆ ಕೆತ್ತಿ ಅಕ್ಕಿಬೇಳೆ ಸಂಪಾದಿಸಿದರು. ಐಕಾನಿಗೆ ಬಣ್ಣ, ಬೆಳಕು, ವರ್ಷಗಟ್ಟಲೆ ಕಲಿಕೆ ಬೇಕು, ಕಣ್ಣು ಮನಸ್ಸು ಎರಡನ್ನೂ ಅದು ಕೇಳುತ್ತದೆ. ಗಂಟಿಗೆ ಬೆರಳು ಸಾಕು. ಗರಿಯ ಹುರಿಗಿದ್ದ ಅನುಕೂಲವೇ ಇದಕ್ಕೂ ಇದೆ. ರಾತ್ರಿ ಜಾಗರಣೆಯಲ್ಲಿ ಕುಳಿತಲ್ಲೇ ಕಟ್ಟಬಹುದು.

ಈಗ ಸರ್ಬಿಯಾದಲ್ಲಿ 33 ಗಂಟಿನ ಬ್ರೋಯಾನಿತ್ಸವನ್ನು ಹುಡುಗರು ಮಣಿಕಟ್ಟಿಗೆ ಬಳೆಯಂತೆ ಹಾಕಿಕೊಂಡು ಓಡಾಡುತ್ತಾರೆ. ಪೇಟೆಯಲ್ಲಿ ಬಣ್ಣಬಣ್ಣದವು ಸಿಗುತ್ತವೆ, ಯಂತ್ರದಲ್ಲಿ ಮಾಡಿದವೂ ಸಿಗುತ್ತವೆ. ಇನ್ನು ಕಥೆ ಆರಂಭವಾದ ಈಜಿಪ್ಟಿನಲ್ಲಿ ಕಾಪ್ಟಿಕ್ ಕ್ರೈಸ್ತರು ಕರುಣಿಸೆಂಬ ಮೊರೆಯನ್ನು 41 ಸಲ ಹೇಳುತ್ತಾರೆ. ಅದರಲ್ಲಿ 39 ಯೇಸುವಿಗೆ ಬಿದ್ದ ಛಡಿಯೇಟಿಗೆ, ಒಂದು ಮುಳ್ಳಿನ ಕಿರೀಟಕ್ಕೆ, ಒಂದು ಈಟಿಯ ತಿವಿತಕ್ಕೆ. ಅವರ ಸರಗಳೂ ಅದೇ ಲೆಕ್ಕಕ್ಕೆ ಬರುತ್ತವೆ.

ವಾದಿ ನತ್ರೂನ್‌ನಲ್ಲಿ ನಾಲ್ಕು ಪುರಾತನ ಮಠಗಳು ಇಂದಿಗೂ ನಡೆಯುತ್ತಿವೆ. ಅವುಗಳಲ್ಲೊಂದಾದ ಮಹಾ ಮಕಾರಿಯಸ್ ಎಂಬ ಇನ್ನೊಬ್ಬ ಮಕಾರಿಯಸ್‌ನ ಮಠದಲ್ಲಿ 1969ರ ಹೊತ್ತಿಗೆ ಉಳಿದಿದ್ದವರು ಬೆರಳೆಣಿಕೆಯ ವೃದ್ಧರು. ಆ ವರ್ಷ ಕಾಪ್ಟಿಕ್ ಪೋಪ್ 6ನೇ ಕಿರಿಲ್ಲೋಸ್ ಸನ್ಯಾಸಿ ಮತ್ತಾ ಎಲ್-ಮೆಸ್ಕೀನ್‌ನನ್ನು 12 ಮಂದಿ ಸಂಗಡಿಗರೊಡನೆ ಅಲ್ಲಿಗೆ ಕಳಿಸಿದರು. ಕೆಲವೇ ವರ್ಷಗಳಲ್ಲಿ ಮಠ ತುಂಬಿತು. ಗರಿಯ ಹಗ್ಗ ಕೊಳ್ಳುವವರು ಈಗ ಅಲ್ಲಿ ಯಾರೂ ಇಲ್ಲ. ಸನ್ಯಾಸಿಗಳು ಮರಳುಗಾಡನ್ನು ಹಸನು ಮಾಡಿ ಬೆಳೆ ತೆಗೆದರು, ದನ ಕಟ್ಟಿದರು, ತಮ್ಮದೇ ಮುದ್ರಣಾಲಯ ತೆರೆದರು. ಅಲ್ಲಿಂದ ಸರಕು ಹೊರಗೆ ಹೋಗುವುದು ಒಂಟೆಯ ಮೇಲಲ್ಲ, ಲಾರಿಯಲ್ಲಿ.